ಭಿನ್ನರಾಶಿ ಪಟ್ಟಿಗಳ ಸೆಟ್: ಕೆಲವು ವರ್ಷ ಬಳಸಿದ ಮೇಲೆ

ಮೂರರಿಂದ ಐದನೇ ತರಗತಿಯ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡಲು ಈ ಪ್ಲಾಸ್ಟಿಕ್ ಪಟ್ಟಿಗಳನ್ನು ಬಳಸಲು ಶುರುಮಾಡಿ ಕೆಲವು ವರ್ಷಗಳಾದವು. ಜೊತೆಗೆ ವೃತ್ತಾಕಾರದ ಸೆಟ್ ಕೂಡ ಇದೆ. ಎರಡರಲ್ಲೂ 51 ತುಂಡುಗಳು: ಒಂದು ಪೂರ್ಣ, ಎರಡು ಅರ್ಧ, ಮೂರು 1/3, ನಾಲ್ಕು 1/4, ಆಮೇಲೆ 1/5, 1/6, 1/8, 1/10, 1/12. 1/7 ಮತ್ತು 1/9 ಇಲ್ಲ. ಒಂದೊಂದು ಭಾಗಕ್ಕೆ ಒಂದೊಂದು ಬಣ್ಣ, ಮೇಲೆ ಸಂಖ್ಯೆ ಅಚ್ಚಾಗಿದೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. 4ಕ್ಕಿಂತ 8 ದೊಡ್ಡದು, ಹಾಗಾಗಿ 1/4ಕ್ಕಿಂತ 1/8 ದೊಡ್ಡದು ಅನ್ನುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಬಾಯಲ್ಲಿ ಎಷ್ಟು ಸಲ ಹೇಳಿದರೂ ಅದು ತಲೆಯಿಂದ ಹೋಗುವುದಿಲ್ಲ. ಎರಡು ತುಂಡುಗಳನ್ನು ಪಕ್ಕಪಕ್ಕ ಇಟ್ಟರೆ ವಾದಕ್ಕೆ ಜಾಗವೇ ಇರುವುದಿಲ್ಲ. ಇನ್ನೊಂದು ಹಳೆಯ ತೊಂದರೆ, 1/2 + 1/3 ಕೊಟ್ಟರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಬರೆಯುವುದು. ಅಂಥವರಿಗೆ ಅರ್ಧದ ಪಟ್ಟಿಯ ಕೆಳಗೆ 1/5ರ ಎರಡು ತುಂಡು ಇಡಲು ಹೇಳಿ. ಅರ್ಧದಷ್ಟು ಉದ್ದವೂ ಬರುವುದಿಲ್ಲ! ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ? ಈ ಪ್ರಶ್ನೆಯನ್ನು ಮಕ್ಕಳೇ ಕೇಳುತ್ತಾರೆ. ಆಮೇಲೆ ಎರಡರ ಕೆಳಗೂ ಸರಿಯಾಗಿ ಕೂರುವ ಒಂದೇ ಬಣ್ಣದ ತುಂಡು ಹುಡುಕುತ್ತಾರೆ. 1/6ರ ಐದು ತುಂಡು ಕೂರುತ್ತವೆ. ಛೇದ ಸಮ ಮಾಡುವುದು ಯಾಕೆ ಅಂತ ಬೇರೆ ಪಾಠ ಬೇಕಾಗುವುದಿಲ್ಲ.

ಭಾಗಾಕಾರಕ್ಕೂ ಇದೇ ದಾರಿ. 3/4 ÷ 1/8 ಅಂದರೆ ಮುಕ್ಕಾಲಿನ ಕೆಳಗೆ 1/8 ತುಂಡು ಎಷ್ಟು ಹಿಡಿಸುತ್ತವೆ ಅಂತ. ಆರು. ಭಾಗಿಸಿದರೆ ಉತ್ತರ ದೊಡ್ಡದಾಗುವುದು ಮೊದಲ ಸಲ ನೋಡಿದವರಿಗೆ ವಿಚಿತ್ರ ಅನಿಸುತ್ತದೆ, ಆದರೆ ಕಣ್ಣೆದುರಿಗೇ ಇದೆ ಅಲ್ವಾ? ತಲೆಕೆಳಗು ಮಾಡಿ ಗುಣಿಸುವ ನಿಯಮ ಆಮೇಲೆ ಬಂದರೂ ನಡೆಯುತ್ತದೆ.

ಈಗ ತಕರಾರು. ಸ್ವಲ್ಪ ದಿನ ಕಳೆದ ಮೇಲೆ ಮಕ್ಕಳು ಅಳೆಯುವುದನ್ನು ಬಿಟ್ಟು ಅಚ್ಚಾದ ಸಂಖ್ಯೆ ಓದಲು ಶುರುಮಾಡುತ್ತಾರೆ. ಇಲ್ಲವೇ ಬಣ್ಣವನ್ನೇ ನೆನಪಿಟ್ಟುಕೊಳ್ಳುತ್ತಾರೆ. "ಗುಲಾಬಿ ಅಂದ್ರೆ ಅರ್ಧ" ಅಂತಾರೆ. ಪರೀಕ್ಷಿಸಬೇಕೆಂದರೆ ಅರ್ಧದ ಪಟ್ಟಿಯನ್ನು ಎತ್ತಿ, "ಇವತ್ತು ಇದೇ ಪೂರ್ಣ. ಹಾಗಾದರೆ ಈ 1/4 ಪಟ್ಟಿ ಎಷ್ಟು?" ಅಂತ ಕೇಳಿ. ಉತ್ತರ ಅರ್ಧ. ಆದರೆ ತುಂಡಿನ ಮೇಲೆ 1/4 ಅಂತ ಬರೆದಿರುವಾಗ ಅರ್ಧ ಅನ್ನಲು ಮಕ್ಕಳಿಗೆ ಧೈರ್ಯ ಬರುವುದಿಲ್ಲ. ಯಾವುದರ ಅರ್ಧ, ಯಾವುದರ ಕಾಲು ಅನ್ನುವುದೇ ಭಿನ್ನರಾಶಿಯ ಜೀವ. ಆ ಪ್ರಶ್ನೆಯನ್ನೇ ಈ ಅಚ್ಚು ನುಂಗಿಹಾಕುತ್ತದೆ.

ನಮ್ಮ ಪಟ್ಟಿಗಳ ಹಿಂಬದಿ ಖಾಲಿ ಇದೆ, ಅದರಿಂದ ಬಚಾವ್. ಈಗ ಎಲ್ಲವನ್ನೂ ಬೋರಲು ಹಾಕಿಯೇ ಕೊಡುತ್ತೇನೆ. ಎರಡೂ ಕಡೆ ಅಚ್ಚಿರುವ ಸೆಟ್‌ಗಳೂ ಬರುತ್ತವೆ, ಅವನ್ನು ಕೊಳ್ಳಬೇಡಿ. ಪೂರ್ಣವನ್ನು ಬದಲಿಸುವ ಆಟಕ್ಕೆ ಮಾತ್ರ ಕ್ವಿಸೆನೇರ್ ಕಡ್ಡಿಗಳು ಇದಕ್ಕಿಂತ ಮೇಲು. ಬೆಲ್ಜಿಯಂನ ಶಿಕ್ಷಕ ಜಾರ್ಜ್ ಕ್ವಿಸೆನೇರ್ ಮಾಡಿದ ಈ ಕಡ್ಡಿಗಳು 1 ಸೆಂಟಿಮೀಟರ್‌ನಿಂದ 10 ಸೆಂಟಿಮೀಟರ್‌ವರೆಗೆ ಹತ್ತು ಉದ್ದ, ಹತ್ತು ಬಣ್ಣದಲ್ಲಿ ಇರುತ್ತವೆ. ಸಂಖ್ಯೆ ಬರೆದಿರುವುದಿಲ್ಲ. 10ರ ಕಿತ್ತಳೆ ಕಡ್ಡಿ ಪೂರ್ಣವಾದರೆ 2ರ ಕೆಂಪು ಕಡ್ಡಿ 1/5. 6ರ ಕಡುಹಸಿರು ಪೂರ್ಣವಾದರೆ ಅದೇ ಕೆಂಪು 1/3. "ಕೆಂಪು ಎಷ್ಟು?" ಅಂದರೆ ಮಕ್ಕಳು "ಯಾವುದರಲ್ಲಿ?" ಅಂತ ತಿರುಗಿ ಕೇಳಲೇಬೇಕು.

ಗುಣಮಟ್ಟದ ಬಗ್ಗೆ ಒಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಡಬ್ಬಿ ತೆರೆದ ಕೂಡಲೇ 1/12ರ ಹನ್ನೆರಡು ತುಂಡುಗಳನ್ನು ಪೂರ್ಣ ಪಟ್ಟಿಯ ಕೆಳಗೆ ಜೋಡಿಸಿ. ಪ್ರತಿ ತುಂಡು ಇರಬೇಕಾದ್ದಕ್ಕಿಂತ ಬರೀ ಅರ್ಧ ಮಿಲಿಮೀಟರ್ ಹೆಚ್ಚು ಉದ್ದ ಇದ್ದರೂ ಕೊನೆಗೆ 6 ಮಿಲಿಮೀಟರ್ ಹೊರಗೆ ಚಾಚುತ್ತದೆ. ಹನ್ನೆರಡು 1/12 ಸೇರಿದರೆ ಒಂದಕ್ಕಿಂತ ಜಾಸ್ತಿ ಅಂತ ಮಕ್ಕಳೇ ಹೇಳುತ್ತಾರೆ, ಮತ್ತು ಅವರು ನೋಡಿದ್ದನ್ನೇ ಹೇಳುತ್ತಿದ್ದಾರೆ. ಫೋಮಿನ ತುಂಡುಗಳಲ್ಲಿ ಈ ಸಮಸ್ಯೆ ಇನ್ನೂ ಹೆಚ್ಚು, ಒತ್ತಿದರೆ ಕುಗ್ಗುತ್ತವೆ, ಅಂಚು ಸವೆಯುತ್ತದೆ. ಆದರೆ ಸದ್ದು ಮಾಡುವುದಿಲ್ಲ. ಇಡೀ ತರಗತಿ ಒಟ್ಟಿಗೆ ಗಟ್ಟಿ ಪ್ಲಾಸ್ಟಿಕ್ ಮೇಜಿಗೆ ಕುಟ್ಟುವಾಗ ಫೋಮ್ ಯಾಕೆ ತರಲಿಲ್ಲ ಅನಿಸಿದ್ದುಂಟು.

ವೃತ್ತದ ಸೆಟ್ ಮೊದಮೊದಲಿಗೆ ಸಾಕು. ಮುಕ್ಕಾಲು ಇಟ್ಟರೆ ಇನ್ನೆಷ್ಟು ಬಾಕಿ ಅನ್ನುವುದು ಖಾಲಿ ಜಾಗದಲ್ಲೇ ಕಾಣುತ್ತದೆ, ಪಟ್ಟಿಯಲ್ಲಿ ಆ ಅನುಕೂಲ ಇಲ್ಲ. ಆದರೆ 1/10ರ ಕೋನ 36 ಡಿಗ್ರಿ, 1/12ರದು 30. ಬಣ್ಣ ಇಲ್ಲದಿದ್ದರೆ ದೊಡ್ಡವರಿಗೂ ಗೊಂದಲವೇ. ಸಂಖ್ಯಾರೇಖೆಗೆ ಹೋಗಲು ವೃತ್ತದಿಂದ ದಾರಿಯಿಲ್ಲ. ಪಟ್ಟಿಗಳನ್ನಾದರೆ ಗೆರೆಯ ಮೇಲೆ ಇಟ್ಟು, ತುದಿಗಳಲ್ಲಿ ಗುರುತು ಹಾಕಿ, ಪಟ್ಟಿ ತೆಗೆದರೆ ಸಂಖ್ಯಾರೇಖೆ ಉಳಿಯುತ್ತದೆ.

ಒಂದು ಸೆಟ್ಟಿನಲ್ಲಿ 5/4 ಮಾಡಲು ಆಗುವುದಿಲ್ಲ, ಇರುವುದು ನಾಲ್ಕೇ ಕಾಲು. ಭಿನ್ನರಾಶಿ ಅಂದರೆ ಒಂದಕ್ಕಿಂತ ಚಿಕ್ಕದೇ ಇರಬೇಕು ಅನ್ನುವ ನಂಬಿಕೆ ಇಲ್ಲೇ ಬೇರೂರುತ್ತದೆ. ಇಬ್ಬಿಬ್ಬರು ಮಕ್ಕಳ ಸೆಟ್ ಸೇರಿಸಿ ಈ ಲೆಕ್ಕ ಮಾಡಿಸುತ್ತೇನೆ. ಕೊಳ್ಳುವಾಗ ಎಲ್ಲವೂ ಒಂದೇ ತಯಾರಿಕೆಯದಾಗಿರಲಿ, ಬೇರೆಯವರ ಪಟ್ಟಿಯ ಉದ್ದ ಬೇರೆ ಇರಬಹುದು. 1/4 + 1/5ರಂಥ ಲೆಕ್ಕವನ್ನೂ ಕೊಡಬೇಡಿ, ಉತ್ತರ 9/20 ಬರುತ್ತದೆ, 1/20ರ ತುಂಡು ಡಬ್ಬಿಯಲ್ಲಿಲ್ಲ.

ಸೆಟ್ ಕೈಗೆ ಕೊಡುವ ಮುಂಚೆ ಕಾಗದ ಮಡಿಸುವ ಕೆಲಸ ಆಗಿರಬೇಕು. ಪ್ಲಾಸ್ಟಿಕ್ ತುಂಡುಗಳು ಸಮವಾಗಿಯೇ ಬಂದಿರುತ್ತವೆ, ಹಾಗಾಗಿ ಭಾಗಗಳು ಸಮ ಇರಲೇಬೇಕು ಅನ್ನುವುದು ಮಗುವಿನ ಗಮನಕ್ಕೇ ಬರುವುದಿಲ್ಲ. ಅರ್ಧ, ಕಾಲು, 1/8 ಮಡಿಸುವುದು ಸುಲಭ. ಮೂರು ಸಮಭಾಗ ಮಡಿಸುವಾಗ ಪರದಾಡುತ್ತಾರೆ, ಪರದಾಡಲಿ ಬಿಡಿ.

ಕಳೆದುಹೋಗುವುದು ಹೆಚ್ಚಾಗಿ 1/12 ಮತ್ತು 1/10 ತುಂಡುಗಳೇ. ಅದಕ್ಕಾಗಿ ಇನ್ನೊಂದು ಸೆಟ್ ಬೇಡ, ದಪ್ಪ ರಟ್ಟಿನಲ್ಲಿ ಅಳತೆ ಮಾಡಿ ಕತ್ತರಿಸಿದರೆ ಆಯಿತು. ಈಚೆಗೆ ಇಡೀ ಸೆಟ್ಟನ್ನೇ ರಟ್ಟಿನಲ್ಲಿ ಮಾಡಿಸುತ್ತಿದ್ದೇನೆ. ಪೂರ್ಣ ಪಟ್ಟಿ 24 ಸೆಂಟಿಮೀಟರ್ ಇಟ್ಟುಕೊಂಡರೆ ಅರ್ಧ, 1/3, 1/4, 1/6, 1/8, 1/12 ಎಲ್ಲವೂ ಪೂರ್ತಿ ಸೆಂಟಿಮೀಟರ್‌ನಲ್ಲೇ ಬರುತ್ತವೆ. 1/5ಕ್ಕೆ 4.8, 1/10ಕ್ಕೆ 2.4 ಸೆಂಟಿಮೀಟರ್. ಅವೆರಡನ್ನು ನಾನೇ ಕತ್ತರಿಸಿಕೊಡುತ್ತೇನೆ, ಉಳಿದದ್ದು ಮಕ್ಕಳದೇ ಕೆಲಸ.