ಅಳತೆಕೋಲು, ತಕ್ಕಡಿ, ಹೈಡ್ರೋಮೀಟರ್: ಬಿಯರ್ ಕುದಿಯಲ್ಲಿ ಬತ್ತುವ ನೀರನ್ನು ಯಾವುದರಿಂದ ಅಳೆಯಬೇಕು?

ಮನೆಯಲ್ಲಿ ಬಿಯರ್ ತಯಾರಿಸುವವರು ಮಾಲ್ಟ್, ಹಾಪ್ಸ್, ಯೀಸ್ಟ್ ಬಗ್ಗೆ ದಣಿವಿಲ್ಲದೆ ಮಾತನಾಡುತ್ತಾರೆ. ನಿಮ್ಮ ಪಾತ್ರೆಯಿಂದ ಗಂಟೆಗೆ ಎಷ್ಟು ನೀರು ಆವಿಯಾಗಿ ಹೋಗುತ್ತದೆ ಎಂದು ಕೇಳಿದರೆ ಮಾತ್ರ ಹೆಚ್ಚಿನವರು ಬಿಯರ್ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಮೊದಲೇ ತುಂಬಿದ್ದ ಅಂಕಿಯನ್ನು ಹೇಳುತ್ತಾರೆ. ಆ ಅಂಕಿ ಬೇರೆ ಯಾರದೋ ಪಾತ್ರೆಯದು. ಅದು ಅರ್ಧ ಲೀಟರ್ ಆಚೀಚೆಯಾದರೂ ವರ್ಟ್‌ನ, ಅಂದರೆ ಮಾಲ್ಟಿನ ಸಿಹಿ ರಸದ, ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ; ಸಕ್ಕರೆ ಹೆಚ್ಚಿದಷ್ಟೂ ಹೆಚ್ಚು) ಬದಲಾಗುತ್ತದೆ. ಅದರ ಜೊತೆಗೆ ಮದ್ಯಾಂಶವೂ ಕಹಿಯೂ ಬದಲಾಗುತ್ತವೆ.

ನಾನಿರುವುದು ಅಮೆರಿಕದ ಡೆನ್ವರ್‌ನಲ್ಲಿ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದಾಗಿ ಇಲ್ಲಿ ಇಬ್ಬರು ವಯಸ್ಕರಿರುವ ಮನೆಯವರು ಸ್ವಂತ ಬಳಕೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ಬಿಯರ್ ತಯಾರಿಸಬಹುದು. ಪರವಾನಗಿ ಇಲ್ಲದೆ ಇದನ್ನು ಕರ್ನಾಟಕದಲ್ಲಿ ಮಾಡುವಂತಿಲ್ಲ ಎಂಬುದನ್ನು ಊರಿನ ಗೆಳೆಯರು ನೆನಪಿಡಬೇಕು. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ನೀರು ಇಲ್ಲಿ ಸುಮಾರು 95 ಡಿಗ್ರಿಗೇ ಕುದಿಯುತ್ತದೆ.

ನನ್ನ ಪಾತ್ರೆಯ ಒಳವ್ಯಾಸ 36 ಸೆಂಟಿಮೀಟರ್. ಈ ಅಳತೆಯಲ್ಲಿ ಒಂದು ಸೆಂಟಿಮೀಟರ್ ಆಳ ಎಂದರೆ ಹತ್ತಿರ ಹತ್ತಿರ ಒಂದು ಲೀಟರ್, ಒಂದು ಮಿಲಿಮೀಟರ್ ಎಂದರೆ 100 ಮಿಲಿಲೀಟರ್. ಹಾಗಾಗಿ ಸ್ಟೀಲಿನ ಅಳತೆಕೋಲು ಇಳಿಬಿಟ್ಟು ಆಳ ನೋಡುವುದು ಎಲ್ಲಕ್ಕಿಂತ ಅಗ್ಗದ ಉಪಾಯ, ಬೇಗ ಮುಗಿಯುವ ಕೆಲಸ ಕೂಡ. ಕುದಿಯುವಾಗ ಮೇಲ್ಮೈ ಕುಣಿಯುವುದರಿಂದ ಉರಿ ಆರಿಸಿ ಅರ್ಧ ನಿಮಿಷ ಕಾದರೆ ಸಾಕು. ಆದರೆ ಅಳತೆಕೋಲು ಶಾಖಕ್ಕೆ ಹಿಗ್ಗಿದ ನೀರನ್ನು ಹಿಗ್ಗಿದಂತೆಯೇ ತೋರಿಸುತ್ತದೆ. ಉದಾಹರಣೆಗೆ, 20 ಡಿಗ್ರಿಯಲ್ಲಿ 26 ಲೀಟರ್ ನೀರು ಹಾಕಿ ಒಂದು ಗಂಟೆ ಕುದಿಸಿದಾಗ ಬಿಸಿಯಲ್ಲಿ ಕಂಡದ್ದು 23.3 ಲೀಟರ್. ಹೋದದ್ದು 2.7 ಲೀಟರ್ ಎಂದು ಬರೆದುಕೊಳ್ಳಲು ಮನಸ್ಸಾಗುತ್ತದೆ. ಮುಚ್ಚಳ ಹಾಕಿ ತಣಿಸಿ ನೋಡಿದರೆ ಇದ್ದದ್ದು 22.5; ನಿಜವಾಗಿ ಬತ್ತಿದ್ದು 3.5 ಲೀಟರ್. 100 ಡಿಗ್ರಿಯಿಂದ 20ಕ್ಕೆ ಇಳಿದಾಗ ನೀರಿನ ಗಾತ್ರ ಶೇ 4ರಷ್ಟು ಕುಗ್ಗುತ್ತದೆ. ಡೆನ್ವರ್‌ನ 95 ಡಿಗ್ರಿಯಿಂದ ಇಳಿದಾಗ ಶೇ 3.6ರಷ್ಟು. ಬಿಸಿಯನ್ನು ಬಿಸಿಯ ಜೊತೆ, ತಣ್ಣಗಿರುವುದನ್ನು ತಣ್ಣಗಿರುವುದರ ಜೊತೆ ಮಾತ್ರ ಹೋಲಿಸಬೇಕು.

ಪಾತ್ರೆಗೆ ಹೊರಗಿನಿಂದ ಜೋಡಿಸುವ ಗಾಜಿನ ಮಟ್ಟಸೂಚಿ ಕೊಳವೆಯನ್ನು ನಾನು ಈ ಕೆಲಸಕ್ಕೆ ನಂಬುವುದಿಲ್ಲ. ಕೊಳವೆಯೊಳಗಿನ ದ್ರವ ಪಾತ್ರೆಯೊಳಗಿನದಕ್ಕಿಂತ ತಣ್ಣಗಿರುತ್ತದೆ, ಆದ್ದರಿಂದ ಮಟ್ಟ ತುಸು ಕೆಳಗೇ ಕಾಣುತ್ತದೆ. ನೀರು ತುಂಬಿಸುವಾಗ ಅದು ಅನುಕೂಲ, ಅಷ್ಟೇ.

ತಕ್ಕಡಿಯ ವಿಷಯ ಬೇರೆ. ಪಾರ್ಸೆಲ್ ತೂಗುವ ಚಪ್ಪಟೆ ತಕ್ಕಡಿಯ ಮೇಲೆ ದಪ್ಪ ಹಲಗೆ, ಅದರ ಮೇಲೆ ವಿದ್ಯುತ್ ಕಾಯಿಲ್ ಇರುವ ಪಾತ್ರೆ. ನೀರು ಹಿಗ್ಗಿದರೂ ಕುಗ್ಗಿದರೂ ತೂಕ ಬದಲಾಗುವುದಿಲ್ಲ. ಇನ್ನೂ ಸೊಗಸೆಂದರೆ, ವರ್ಟ್ ಕುದಿಸುವಾಗಲೂ ಹೊರಗೆ ಹೋಗುವುದು ನೀರು ಮಾತ್ರ, ಸಕ್ಕರೆ ಪಾತ್ರೆಯಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದ ಕಿಲೋಗಳನ್ನೇ ಲೀಟರ್ ಎಂದು ಓದಬಹುದು. ಹತ್ತು ಹತ್ತು ನಿಮಿಷಕ್ಕೆ ಅಂಕಿ ಬರೆದುಕೊಂಡರೆ ಪ್ರತಿ ಸಲವೂ 550ರಿಂದ 600 ಗ್ರಾಂ ಇಳಿದಿರುತ್ತದೆ. ಪಾತ್ರೆ ತುಂಬಿರುವ ಮೊದಲ ಹತ್ತು ನಿಮಿಷಕ್ಕೂ ಮಟ್ಟ ಇಳಿದ ಕೊನೆಯ ಹತ್ತು ನಿಮಿಷಕ್ಕೂ ವ್ಯತ್ಯಾಸವೇ ಇಲ್ಲ. ಅದನ್ನು ಕಣ್ಣಾರೆ ನೋಡುವ ಖುಷಿಯೇ ಬೇರೆ. ಕೊರತೆಯೂ ಇದೆ: ಕೇಬಲ್ ಎಲ್ಲೂ ಎಳೆಯದಂತೆ ಸಡಿಲವಾಗಿ ಬಿಡಬೇಕು, ಗ್ಯಾಸ್ ಒಲೆಗೆ ಈ ಏರ್ಪಾಡು ಸಾಧ್ಯವೇ ಇಲ್ಲ. ಕುದಿಯುವ ಪಾತ್ರೆಯನ್ನು ಎತ್ತಿ ತಕ್ಕಡಿಗೆ ಇಡುವ ಸಾಹಸವನ್ನಂತೂ ಯಾರೂ ಮಾಡಬಾರದು.

ಮೂರನೆಯದು ಹೈಡ್ರೋಮೀಟರ್, ಅಂದರೆ ದ್ರವದ ಸಾಂದ್ರತೆ ಅಳೆಯುವ ಉಪಕರಣದ, ಲೆಕ್ಕ. ಸಕ್ಕರೆ ಆವಿಯಾಗದ ಕಾರಣ, ಗ್ರಾವಿಟಿಯ ಅಂಶಗಳನ್ನು (1.044 ಇದ್ದರೆ 44) ಗಾತ್ರದಿಂದ ಗುಣಿಸಿದರೆ ಬರುವ ಮೊತ್ತ ಕುದಿಗೆ ಮೊದಲೂ ನಂತರವೂ ಒಂದೇ. 1.044 ಇರುವ 26 ಲೀಟರ್ ಎಂದರೆ 44 ಗುಣಿಸು 26, ಅಂದರೆ 1,144. ಕುದಿದ ಮೇಲೆ 1.051 ಬಂದರೆ 1,144ನ್ನು 51ರಿಂದ ಭಾಗಿಸಿ, ಉಳಿದದ್ದು 22.4 ಲೀಟರ್. ತಕ್ಕಡಿಯ ಉತ್ತರಕ್ಕೆ ಬಹಳ ಹತ್ತಿರ. ಆದರೆ ಹೈಡ್ರೋಮೀಟರ್‌ನಲ್ಲಿ ಒಂದೇ ಒಂದು ಅಂಶ ತಪ್ಪಿ ಓದಿದರೂ ಉತ್ತರ ಹತ್ತಿರ ಹತ್ತಿರ ಅರ್ಧ ಲೀಟರ್ ಜಾರುತ್ತದೆ. ಮಾದರಿಯನ್ನು ಉಪಕರಣದ ಮೇಲೆ ಬರೆದ ಉಷ್ಣಾಂಶಕ್ಕೆ, ಸಾಮಾನ್ಯವಾಗಿ 20 ಡಿಗ್ರಿಗೆ, ತಣಿಸಲೇಬೇಕು. ಮಾಲ್ಟನ್ನು ತೊಳೆದು ತೆಗೆದ ತೆಳು ರಸ ಮೇಲೆಯೂ ಗಟ್ಟಿ ರಸ ಕೆಳಗೂ ನಿಂತಿರುತ್ತದೆ. ಚೆನ್ನಾಗಿ ಕಲಕದೆ ಮಾದರಿ ತೆಗೆದರೆ ಲೆಕ್ಕವೆಲ್ಲ ವ್ಯರ್ಥ. ಇದನ್ನು ತಾಳೆ ನೋಡಲು ಇಟ್ಟುಕೊಳ್ಳುತ್ತೇನೆ, ಮೊದಲ ಅಳತೆಗೆ ಬಳಸುವುದಿಲ್ಲ.

ಕಾಲು ಗಂಟೆ ಬರೀ ನೀರು ಕುದಿಸಿ, ಬಂದ ಅಂಕಿಯನ್ನು ನಾಲ್ಕರಿಂದ ಗುಣಿಸುವ ಪದ್ಧತಿಯೂ ಇದೆ. ಅಳತೆಕೋಲಿನಲ್ಲಿ ಎರಡು ಮಿಲಿಮೀಟರ್ ತಪ್ಪಿದರೆ ಅದು 0.2 ಲೀಟರ್, ನಾಲ್ಕರಿಂದ ಗುಣಿಸಿದಾಗ 0.8. ಗ್ಯಾಸ್ ಉಳಿಸಲು ಹೋಗಿ ಅಂಕಿಯನ್ನೇ ಕಳೆದುಕೊಂಡಂತೆ. ಪೂರ್ತಿ ಒಂದು ಗಂಟೆ ಕುದಿಸಿ.

ಇನ್ನು ಈ ಅಂಕಿಯನ್ನು ಸಾಫ್ಟ್‌ವೇರ್‌ಗೆ ಶೇಕಡಾ ರೂಪದಲ್ಲಿ ಕೊಡಬೇಕೋ ಲೀಟರ್‌ನಲ್ಲೋ? ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ: ಲೀಟರ್‌ನಲ್ಲಿ. ಬತ್ತುವುದನ್ನು ನಿರ್ಧರಿಸುವುದು ಉರಿ ಮತ್ತು ಪಾತ್ರೆಯ ಬಾಯಿಯ ಅಗಲ. ಒಳಗೆ ಎಷ್ಟಿದೆ ಎಂಬುದಲ್ಲ. 26 ಲೀಟರ್‌ನಲ್ಲಿ 3.5 ಎಂದರೆ ಶೇ 13.5. ಅದೇ ಪಾತ್ರೆಯಲ್ಲಿ ಅರ್ಧ ಪ್ರಮಾಣ, 13 ಲೀಟರ್, ಕುದಿಸುವಾಗ ಶೇಕಡಾ ಲೆಕ್ಕ 1.75 ಲೀಟರ್ ಎನ್ನುತ್ತದೆ. ಉರಿ ಅಷ್ಟೇ ಇದ್ದರೆ ಹೋಗುವುದು ಮತ್ತೆ 3.5. ಉಳಿದ 9.5 ಲೀಟರ್‌ನ ಗ್ರಾವಿಟಿ 1.051ರ ಬದಲು 1.060 ಆಗಿರುತ್ತದೆ. ಹಗುರ ಬಿಯರ್ ಬೇಕೆಂದವನಿಗೆ ಭಾರದ ಬಿಯರ್ ಸಿಗುತ್ತದೆ.

ಉರಿಯ ವಿಷಯದಲ್ಲಿ ವಿದ್ಯುತ್ತಿಗೇ ನನ್ನ ಮತ. ಒಂದು ಕಿಲೋವ್ಯಾಟ್ ಶಾಖ ಪೂರ್ತಿಯಾಗಿ ನೀರಿಗೆ ಸೇರಿದರೆ ಗಂಟೆಗೆ ಸುಮಾರು 1.6 ಲೀಟರ್ ಆವಿಯಾಗುತ್ತದೆ. 3.5 ಕಿಲೋವ್ಯಾಟ್ ಕಾಯಿಲನ್ನು ಶೇ 70ಕ್ಕೆ ಇಟ್ಟರೆ 2.45 ಕಿಲೋವ್ಯಾಟ್, ಅಂದರೆ 3.9 ಲೀಟರ್; ಪಾತ್ರೆಯ ಮೈಯಿಂದ ಸೋರುವ ಶಾಖ ಕಳೆದರೆ ತಕ್ಕಡಿ ತೋರಿಸಿದ 3.5ಕ್ಕೆ ಬಂದು ನಿಲ್ಲುತ್ತದೆ. ಲೆಕ್ಕವೂ ಅಳತೆಯೂ ಹೀಗೆ ಕೂಡಿಬಂದಾಗ ಆ ಗುಂಡಿಯನ್ನು ಮತ್ತೆ ಮುಟ್ಟಬೇಕಿಲ್ಲ. ಹಿತ್ತಲಿನ ಪ್ರೊಪೇನ್ ಒಲೆಯಲ್ಲಿ ಗಾಳಿ ಬೀಸಿದ ದಿನದ ಅಂಕಿ ಒಂದು, ಗಾಳಿ ನಿಂತ ದಿನದ್ದು ಮತ್ತೊಂದು. ಗ್ಯಾಸ್ ಬಳಸುವವರು ಗಾಳಿತಡೆ ಕಟ್ಟಿ, ರೆಗ್ಯುಲೇಟರ್ ಮೇಲೆ ಗುರುತು ಹಾಕಿಕೊಂಡು, ಚಳಿಗಾಲಕ್ಕೂ ಬೇಸಿಗೆಗೂ ಬೇರೆ ಬೇರೆ ಪ್ರೊಫೈಲ್ ಇಡುವುದು ಒಳ್ಳೆಯದು.

ನಿಮ್ಮ ಸಾಫ್ಟ್‌ವೇರ್ ಬ್ರೂಫಾದರ್ ಇರಲಿ, ಬಿಯರ್‌ಸ್ಮಿತ್ ಇರಲಿ, ಬತ್ತುವ ಅಂಕಿಯ ಜೊತೆ ಇನ್ನೆರಡನ್ನು ಬೇರೆಯಾಗಿ ತುಂಬಿ: ತಣಿದಾಗ ಕುಗ್ಗುವ ಶೇಕಡಾ ಮತ್ತು ಪಾತ್ರೆಯ ತಳದಲ್ಲಿ ಉಳಿಯುವ ಗಸಿ. ಗಸಿಯೊಂದಿಗೆ ಬಿಟ್ಟ ಲೀಟರನ್ನು ಆವಿಯ ಖಾತೆಗೆ ಸೇರಿಸಿದರೆ ಗಾತ್ರ ಸರಿಹೋದಂತೆ ಕಂಡರೂ ಗ್ರಾವಿಟಿ ಕೂಡಿಬರುವುದಿಲ್ಲ. ಗಸಿಯ ಜೊತೆ ಸಕ್ಕರೆಯೂ ಹೋಗಿರುತ್ತದೆ, ಆವಿಯ ಜೊತೆ ಹೋಗಿರುವುದಿಲ್ಲ.