ಮನೆ ಕಾರಿಗೆ ಇಂಪ್ಯಾಕ್ಟ್ ರೆಂಚ್: ನಾಗ್‌ದೇವಿ ಸ್ಟ್ರೀಟಿನಲ್ಲಿ ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಡಬೇಕು

ಮುಂಬೈಯ ನಾಗ್‌ದೇವಿ ಸ್ಟ್ರೀಟಿನಲ್ಲಿ ಕಡಿಮೆ ಬೆಲೆಯ ಇಂಪ್ಯಾಕ್ಟ್ ರೆಂಚ್ (ಸುತ್ತಿಗೆಯಂತೆ ಹೊಡೆಯುತ್ತ ನಟ್ ತಿರುಗಿಸುವ ಗನ್) ಕೇಳಿದರೆ ಮೊದಲು ಕೌಂಟರಿಗೆ ಬರುವುದು ಹೆಸರಾಂತ ಕಂಪನಿಯ ಬಣ್ಣ ಬಳಿದುಕೊಂಡ, ಯಾವ ಕಂಪನಿಯದೂ ಅಲ್ಲದ ಒಂದು ಗನ್. ಎರಡು ಬ್ಯಾಟರಿ, ಚಾರ್ಜರ್, ನಾಲ್ಕೈದು ಗೋಟಿ (ನಟ್ಟಿನ ಮೇಲೆ ಕೂರುವ ಸಾಕೆಟ್), ಪ್ಲಾಸ್ಟಿಕ್ ಪೆಟ್ಟಿಗೆ, ಎಲ್ಲ ಸೇರಿ ನಾಲ್ಕೈದು ಸಾವಿರ. ಪೆಟ್ಟಿಗೆಯ ಮೇಲೆ ‘88 ವಿಎಫ್’, ‘388 ವಿಎಫ್’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಆ ಅಂಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ, ಅದು ವೋಲ್ಟೇಜ್ ಅಲ್ಲ. ಒಳಗಿರುವುದು ಸಾಲಾಗಿ ಜೋಡಿಸಿದ ಐದು ಲಿಥಿಯಂ ಸೆಲ್. ಒಂದಕ್ಕೆ 3.6 ವೋಲ್ಟ್ ಹಿಡಿದರೆ 18, ಪೂರ್ತಿ ಚಾರ್ಜಿನ 4.2 ಹಿಡಿದರೆ 21. ಅಂದರೆ 18, 20, 21 ವೋಲ್ಟ್ ಎಂದು ಬರೆದ ಗನ್ನುಗಳೆಲ್ಲ ಒಂದೇ ಜಾತಿಯವು.

ಹಾಗಾದರೆ ನೋಡಬೇಕಾದದ್ದು ಏನು? ಮೊದಲು ನಿಮ್ಮ ಕಾರಿಗೆ ಎಷ್ಟು ಬಲ ಬೇಕು ಎಂಬುದು. ಮಾರುತಿಯ ಸಣ್ಣ ಕಾರುಗಳ ವೀಲ್ ನಟ್ಟಿನ ಬಿಗಿ 85 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ), ಈಚಿನ ಸ್ವಿಫ್ಟಿಗೆ 100, ಹೋಂಡಾ ಸಿಟಿಗೆ 108. ಫೋಕ್ಸ್‌ವ್ಯಾಗನ್ ಪೋಲೊದಲ್ಲಿ ನಟ್ಟಿನ ಬದಲು 17 ಎಂಎಂ ಬೋಲ್ಟು, ಬಿಗಿ 120. ಇದು ಹಾಕುವಾಗಿನ ಲೆಕ್ಕ. ಕಡಲ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಟೈರ್ ಅಂಗಡಿಯವನು ಏರ್ ಗನ್ನಿನಿಂದ ಅಳತೆಯಿಲ್ಲದೆ ಬಿಗಿದದ್ದು ಇವೆಲ್ಲ ಸೇರಿದಾಗ ಬಿಚ್ಚಲು ಅದರ ದುಪ್ಪಟ್ಟು ಬಲ ಬೇಕಾಗುವುದು ಅಪರೂಪವಲ್ಲ. ಚಕ್ರ ಬಿಚ್ಚಿ ಬ್ರೇಕ್ ಪ್ಯಾಡ್ ಬದಲಿಸುವ ಮಟ್ಟದ ಕೆಲಸಕ್ಕೆ ನಿಜವಾದ 250ರಿಂದ 300 ನ್ಯೂಟನ್ ಮೀಟರ್ ಸಾಕು. ಚಕ್ರದ ನಡುಮಧ್ಯದಲ್ಲಿರುವ, ಡ್ರೈವ್ ಶಾಫ್ಟಿನ 30 ಅಥವಾ 32 ಎಂಎಂ ಹಬ್ ನಟ್ಟಿಗೂ ಕೈಹಾಕುವುದಾದರೆ ಮಾತ್ರ ಹೆಚ್ಚಿನದು ಬೇಕು.

ಹೋಲಿಕೆಗೆ ಒಂದು ಲೆಕ್ಕ: 60 ಸೆಂಟಿಮೀಟರ್ ಉದ್ದದ ಬ್ರೇಕರ್ ಬಾರಿನ (ಗೋಟಿ ಸಿಕ್ಕಿಸಿ ಕೈಯಿಂದ ತಿರುಗಿಸುವ ಉದ್ದ ಹಿಡಿಯ) ತುದಿಯ ಮೇಲೆ 60 ಕೆಜಿಯ ಮನುಷ್ಯ ಪೂರ್ತಿ ಭಾರ ಬಿಟ್ಟರೆ ಸುಮಾರು 350 ನ್ಯೂಟನ್ ಮೀಟರ್ ಬರುತ್ತದೆ. ಆದ್ದರಿಂದ ಯಾವ ಗನ್ ಕೊಂಡರೂ ಬ್ರೇಕರ್ ಬಾರ್ ಒಂದು ಡಿಕ್ಕಿಯಲ್ಲಿ ಇರಲೇಬೇಕು. ವರ್ಷಕ್ಕೆ ಒಂದೇ ಸಲ ಚಕ್ರ ಬಿಚ್ಚುವವರಿಗೆ ಅಷ್ಟೇ ಸಾಕು, ಗನ್ ಬೇಕಾಗಿಲ್ಲ.

ಅಗ್ಗದ ಗನ್ನಿನ ದೋಷ ಮೋಟರಿಗಿಂತ ಹೆಚ್ಚಾಗಿ ಬ್ಯಾಟರಿಯಲ್ಲಿದೆ. ಗನ್ ಹೊಡೆತ ಶುರುಮಾಡಿದ ಕ್ಷಣದಲ್ಲಿ ಕರೆಂಟ್ ಥಟ್ಟನೆ ಏರುತ್ತದೆ. ಐದೇ ಸೆಲ್ಲಿನ ಒಂದು ಸಾಲು ಅದನ್ನು ತಾಳದೆ ವೋಲ್ಟೇಜ್ ಕುಸಿಯುತ್ತದೆ, ಹೊಡೆತ ಮಂದವಾಗುತ್ತದೆ. ಐದೈದರ ಎರಡು ಸಾಲಿನಲ್ಲಿ ಹತ್ತು ಸೆಲ್ ಇದ್ದರೆ ಹೊರೆ ಹಂಚಿಹೋಗುತ್ತದೆ. ಮೇಲೆ 15,000 ಎಂಎಎಚ್ ಎಂದು ಬರೆದಿದ್ದರೂ ಒಳಗೆ ಎಷ್ಟಿದೆ ಎಂದು ತಿಳಿಯಲು ತಕ್ಕಡಿ ಸಾಕು. ಇಂಥ ಬ್ಯಾಟರಿಯಲ್ಲಿ ಸಾಮಾನ್ಯವಾದ 18650 ಅಳತೆಯ ಸೆಲ್ ಒಂದಕ್ಕೆ ಸುಮಾರು 45 ಗ್ರಾಂ. ಹತ್ತು ಸೆಲ್ ಇದ್ದರೆ ಸೆಲ್ಲುಗಳೇ 450 ಗ್ರಾಂ ತೂಗಬೇಕು, ಕವಚದ ತೂಕ ಬೇರೆ. ಬ್ಯಾಟರಿ 400 ಗ್ರಾಮಿನ ಒಳಗೇ ನಿಂತರೆ ಹತ್ತು ಸೆಲ್ ಇರಲು ಸಾಧ್ಯವೇ ಇಲ್ಲ. ಅಂಗಡಿಯವರು ತೂಗಲು ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗಿ, ಆ ಬೀದಿಯಲ್ಲಿ ಅಂಗಡಿಗಳಿಗೇನೂ ಬರವಿಲ್ಲ.

ಕೊಳ್ಳುವುದು ಯಾವುದು ಎಂಬುದನ್ನು ನಿಮ್ಮ ಪಾರ್ಕಿಂಗ್ ತೀರ್ಮಾನಿಸುತ್ತದೆ. ಡೊಂಬಿವಿಲಿಯಲ್ಲೋ ಮೀರಾ ರೋಡಿನಲ್ಲೋ ಕಾರಿನ ಹತ್ತಿರ ಪ್ಲಗ್ ಪಾಯಿಂಟ್ ಇದ್ದು ಸೊಸೈಟಿಯ ಒಪ್ಪಿಗೆಯೂ ಸಿಕ್ಕರೆ ವೈರಿನ ಗನ್ನೇ ಲಾಭ. ಬಾಷ್ ಜಿಡಿಎಸ್ 18 ಇ 500 ವ್ಯಾಟಿನದು, ಬಲ 250 ನ್ಯೂಟನ್ ಮೀಟರ್. ಮಕಿಟಾ ಟಿಡಬ್ಲ್ಯು 0350 400 ವ್ಯಾಟಿನದು, ಬಲ 350. ಎರಡರಲ್ಲೂ ಗೋಟಿ ಕೂರುವ ಚೌಕ ತುದಿ (ಸ್ಕ್ವೇರ್) ಅರ್ಧ ಇಂಚಿನದು. ಆರು ತಿಂಗಳು ಕಪಾಟಿನಲ್ಲಿ ಬಿದ್ದಿದ್ದರೂ ಬ್ಯಾಟರಿ ಸತ್ತಿತೆಂಬ ಚಿಂತೆಯಿಲ್ಲ. ಮನೆಬಳಕೆಗೆ ನಮ್ಮ ಮೊದಲ ಆಯ್ಕೆ ಇವೇ. ಎಕ್ಸ್‌ಟೆನ್ಶನ್ ವೈರು ಮಾತ್ರ 1.5 ಸ್ಕ್ವೇರ್ ಎಂಎಂ ಇರಲಿ.

ಪ್ಲಗ್ ಇಲ್ಲದಿದ್ದರೆ, ಅಥವಾ ಮೇ ರಜೆಗೆ 66ನೇ ಹೆದ್ದಾರಿಯಲ್ಲಿ ಊರಿಗೆ ಹೋಗುವಾಗ ಜೊತೆಗಿರಬೇಕೆಂದರೆ, 18 ವೋಲ್ಟಿನ ಬ್ರಷ್‌ಲೆಸ್ (ಕಾರ್ಬನ್ ಬ್ರಷ್ ಇಲ್ಲದ ಮೋಟರಿನ) ಬ್ರ್ಯಾಂಡೆಡ್ ಗನ್ ಕೊಳ್ಳಿ. ಮಕಿಟಾ ಡಿಟಿಡಬ್ಲ್ಯು 300 ಬಿಗಿಯುವಾಗ 330, ಬಿಚ್ಚುವಾಗ 580 ನ್ಯೂಟನ್ ಮೀಟರ್ ಕೊಡುತ್ತದೆ. ಈ ಎರಡು ಅಂಕಿ ಬೇರೆಬೇರೆ, ಅಂಗಡಿಯಲ್ಲಿ ದೊಡ್ಡದನ್ನೇ ಹೇಳುತ್ತಾರೆ, ನೆನಪಿರಲಿ. ಬೆಲೆ ಬಿಸಿ ಮುಟ್ಟಿಸುತ್ತದೆ ನಿಜ. ಆದರೆ ಮನೆಯಲ್ಲಿ ಅದೇ ಕಂಪನಿಯ 18 ವೋಲ್ಟ್ ಡ್ರಿಲ್ ಇದ್ದರೆ ಬ್ಯಾಟರಿಯಿಲ್ಲದ ಬರೀ ಬಾಡಿ ಕೊಂಡರೆ ಸಾಕಾಗುತ್ತದೆ. ಆಗ ಹೊಂದಿಸಬೇಕಾದದ್ದು 4 ಅಥವಾ 5 ಎಎಚ್ ಬ್ಯಾಟರಿ. ಡ್ರಿಲ್ಲಿನ ಜೊತೆ ಬಂದ 1.5 ಎಎಚ್ ಬ್ಯಾಟರಿಯಲ್ಲಿ ಗನ್ನಿನ ಪೂರ್ತಿ ಶಕ್ತಿ ಬರದು.

ಸಿಗರೇಟ್ ಲೈಟರಿಗೆ ಚುಚ್ಚುವ 12 ವೋಲ್ಟಿನ ಗನ್ ಬೇಡವೇ ಬೇಡ. ಆ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 15 ಆಂಪಿಯರಿನದು, ಅಂದರೆ 180 ವ್ಯಾಟ್. ತುಕ್ಕು ಹಿಡಿದ ನಟ್ಟಿಗೆ ಅದು ಎಲ್ಲಿಗೂ ಸಾಲದು, ಫ್ಯೂಸ್ ಹೋಗುವುದೊಂದೇ ಫಲ. ಏರ್ ಗನ್ನಿಗೆ ಕಂಪ್ರೆಸರ್ ಬೇಕು, ಫ್ಲ್ಯಾಟಿನವರಿಗೆ ಆ ಮಾತೇ ಇಲ್ಲ.

ಗೋಟಿಯಲ್ಲಿ ಉಳಿತಾಯ ಮಾಡಬೇಡಿ. ಹೊಳೆಯುವ ಕ್ರೋಮ್ ಗೋಟಿ ಕೈಪಾನಕ್ಕೆ ಮಾಡಿದ್ದು, ಗನ್ನಿನ ಹೊಡೆತಕ್ಕೆ ಸೀಳಿ ಚೂರು ಮುಖಕ್ಕೆ ಹಾರಬಹುದು. ಕಪ್ಪು ಬಣ್ಣದ ಕ್ರೋಮ್ ಮಾಲಿಬ್ಡಿನಂ ಇಂಪ್ಯಾಕ್ಟ್ ಗೋಟಿಯನ್ನೇ ಕೇಳಿ: ಮಾರುತಿ, ಹೋಂಡಾಗಳಿಗೆ 19 ಎಂಎಂ, ಹುಂಡೈ, ಟೊಯೋಟಾಗಳಿಗೆ 21. ಅಲಾಯ್ ಚಕ್ರವಿದ್ದರೆ ತೆಳುಗೋಡೆಯ, ಪ್ಲಾಸ್ಟಿಕ್ ಹೊದಿಕೆಯ ಡೀಪ್ ಗೋಟಿ. ಉದ್ದದ ಎಕ್ಸ್‌ಟೆನ್ಶನ್ ಹಾಕಿದಷ್ಟೂ ಹೊಡೆತದ ಬಲ ನಡುವಿನ ಸಡಿಲ, ತಿರುಚಿನಲ್ಲೇ ಸೋರಿಹೋಗುತ್ತದೆ.

ಬಳಕೆಯ ಕ್ರಮ ಹೀಗೆ. ಚಕ್ರ ನೆಲದ ಮೇಲಿರುವಾಗಲೇ ಹ್ಯಾಂಡ್ ಬ್ರೇಕ್ ಎಳೆದು ನಟ್ಟುಗಳನ್ನು ಕಾಲು ಸುತ್ತು ಸಡಿಲಿಸಿ. ಐದಾರು ಸೆಕೆಂಡ್ ಹೊಡೆದರೂ ನಟ್ ಜಗ್ಗದಿದ್ದರೆ ನಿಲ್ಲಿಸಿ, ಹೊಡೆಯುತ್ತಲೇ ಹೋದರೆ ಮೋಟರು, ಸ್ವಿಚ್ಚು ಕಾಯುತ್ತವೆ, ಅಗ್ಗದ ಗನ್ನಿನಲ್ಲಿ ಸ್ವಿಚ್ಚೇ ಸುಟ್ಟುಹೋಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಇಪ್ಪತ್ತು ನಿಮಿಷ ಬಿಟ್ಟು ಬ್ರೇಕರ್ ಬಾರ್ ಹಾಕಿ. ಚಕ್ರ ಮರಳಿ ಕೂರಿಸುವ ಮುಂಚೆ ಸ್ಪ್ರೇಯ ಎಣ್ಣೆಯನ್ನು ಬೋಲ್ಟಿನ ಥ್ರೆಡ್ಡಿನಿಂದ ಒರೆಸಲೇಬೇಕು. ಜಿಡ್ಡು ಉಳಿದರೆ ಘರ್ಷಣೆ ಕಡಿಮೆಯಾಗಿ, ಅದೇ 85ರ ಬಿಗಿಯಲ್ಲೂ ಬೋಲ್ಟು ಲೆಕ್ಕಕ್ಕಿಂತ ಹೆಚ್ಚು ಜಗ್ಗಲ್ಪಡುತ್ತದೆ. ಚಕ್ರ ಬಂದು ಕೂರುವ ಹಬ್‌ನ ಮುಖದ ತುಕ್ಕನ್ನು ವೈರ್ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ.

ಹಾಕುವಾಗ ನಾಲ್ಕೈದು ಸುತ್ತು ಕೈಯಲ್ಲೇ ತಿರುಗಿಸಿ. ನೇರ ಗನ್ ಹಿಡಿದರೆ ಅಡ್ಡ ಕೂತ ನಟ್ ಥ್ರೆಡ್ಡನ್ನೇ ಕೊಯ್ದುಬಿಡುತ್ತದೆ. ಕೊನೆಯ ಬಿಗಿ ಯಾವತ್ತೂ ಗನ್ನಿನದಲ್ಲ. ಕಾರು ಇಳಿಸಿ, ಎದುರುಬದುರು ನಟ್ಟುಗಳ ಕ್ರಮದಲ್ಲಿ ಮೊದಲು 50, ಆಮೇಲೆ ನಿಮ್ಮ ಕಾರಿನ ಅಂಕಿಗೆ (ಮಾರುತಿಯ ಸಣ್ಣ ಕಾರಾದರೆ 85) ಟಾರ್ಕ್ ರೆಂಚಿನಿಂದ, ಅಂದರೆ ಬಿಗಿ ಅಳೆದು ತೋರಿಸುವ ಪಾನದಿಂದ, ಮುಗಿಸಿ. ನಟ್ಟುಗಳು ಒಂದೊಂದು ಒಂದೊಂದು ಬಿಗಿಯಲ್ಲಿದ್ದರೆ ಡಿಸ್ಕ್ ಸೊಟ್ಟಗಾಗಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಬಹುದು. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಅದೇ ಬಿಗಿಗೆ ನೋಡಿ. ಊರಿಗೆ ಹೊರಟವರಿಗೆ ಅದೇ ಹೆದ್ದಾರಿಯ ಪೆಣ್ ಊರಿನ ಹತ್ತಿರದ ಚಹಾ ನಿಲುಗಡೆ ಇದಕ್ಕೆ ಸರಿಯಾದ ಜಾಗ. ಎಂಜಿನ್ ಆಯಿಲಿನ ಡ್ರೇನ್ ಪ್ಲಗ್, ಸ್ಪಾರ್ಕ್ ಪ್ಲಗ್‌ಗಳ ಹತ್ತಿರ ಗನ್ ತರಲೇಬೇಡಿ. ಬ್ರೇಕಿನ ಕ್ಯಾಲಿಪರ್ ಬೋಲ್ಟುಗಳನ್ನು ಬಿಗಿಯುವುದಕ್ಕೂ ಅದು ಸಲ್ಲದು.

ಕೊಳ್ಳುವ ದಿನ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ, ಅಂಗಡಿಯಲ್ಲೇ ಗೋಟಿ ಹಾಕಿಸಿ ವೈಸಿಗೆ ಕಚ್ಚಿದ ಒಂದು ಬೋಲ್ಟಿನ ಮೇಲೆ ಎರಡೂ ದಿಕ್ಕಿನಲ್ಲಿ ಹೊಡೆಸಿ ನೋಡಿ. ಇಯರ್ ಪ್ಲಗ್ ಜೊತೆಗೇ ಕೊಳ್ಳಿ, ಬೇಸ್‌ಮೆಂಟಿನಲ್ಲಿ ಆ ಸದ್ದು ಕಿವಿಗೆ ನಿಜವಾಗಿಯೂ ಕೆಟ್ಟದ್ದು.