ವಿಎಂ ನೆಟ್‌ವರ್ಕಿಗೆ ಮೂರು ಕಮಾಂಡ್ ದಾರಿ: ವಿಬಾಕ್ಸ್‌ಮ್ಯಾನೇಜ್, ವರ್ಶ್, ಪವರ್‌ಶೆಲ್

ಒಂದೇ ವಿಎಂ (ವರ್ಚುಯಲ್ ಮಷೀನ್, ಅಂದರೆ ಕಂಪ್ಯೂಟರ್‌ನೊಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್) ಇದ್ದರೆ ಸೆಟ್ಟಿಂಗ್ಸ್ ತೆರೆದು ಮೌಸ್‌ನಲ್ಲೇ ಅದರ ಅಡಾಪ್ಟರ್ (ನೆಟ್‌ವರ್ಕ್ ಕಾರ್ಡ್) ಬದಲಿಸಿಕೊಳ್ಳಬಹುದು. ಹತ್ತಾರು ವಿಎಂಗಳು ಮಾನಿಟರೇ ಇಲ್ಲದ ಸರ್ವರ್‌ನಲ್ಲಿ ಓಡುತ್ತಿದ್ದರೆ ಕಮಾಂಡ್ ಲೈನ್ ಬಿಟ್ಟರೆ ಬೇರೆ ದಾರಿಯಿಲ್ಲ. ವರ್ಚುಯಲ್‌ಬಾಕ್ಸ್‌ನ ವಿಬಾಕ್ಸ್‌ಮ್ಯಾನೇಜ್, ಲಿನಕ್ಸ್‌ನಲ್ಲಿ ವಿಎಂ ನಿರ್ವಹಿಸುವ ಲಿಬ್‌ವರ್ಟ್‌ನ ವರ್ಶ್, ವಿಂಡೋಸ್‌ನ ಹೈಪರ್-ವಿಯ ಪವರ್‌ಶೆಲ್ ಕಮಾಂಡ್‌ಗಳು, ಈ ಮೂರಕ್ಕೂ ನಾನು ಒಂದೇ ಕೆಲಸ ಕೊಟ್ಟು ನೋಡಿದೆ. ಎರಡು ಲಿನಕ್ಸ್ ವಿಎಂಗಳು ಒಂದಕ್ಕೊಂದು ಕಾಣಬೇಕು, ಎರಡಕ್ಕೂ ಇಂಟರ್ನೆಟ್ ಬೇಕು, ಹೋಸ್ಟ್‌ನಿಂದ (ವಿಎಂಗಳನ್ನು ಓಡಿಸುವ ಯಂತ್ರದಿಂದ) ಎಸ್‌ಎಸ್‌ಎಚ್ (ಟರ್ಮಿನಲ್‌ನಿಂದ ಲಾಗಿನ್) ಆಗಬೇಕು. ಆಮೇಲೆ, ವಿಎಂ ಓಡುತ್ತಿರುವಾಗಲೇ ಅದಕ್ಕೆ ಎರಡನೇ ಅಡಾಪ್ಟರ್ ಸೇರಿಸಬೇಕು.

ಮೊದಲ ಮೂರು ಕೆಲಸ ಎಲ್ಲದರಲ್ಲೂ ಹೇಗೋ ಆಗುತ್ತದೆ. ನಿಜವಾದ ವ್ಯತ್ಯಾಸ ಕಾಣುವುದು ನಾಲ್ಕನೆಯದರಲ್ಲಿ. ನಾನು ಕೊಟ್ಟ ಕಮಾಂಡ್ ಈಗ ಓಡುತ್ತಿರುವ ವಿಎಂಗೆ ತಾಗಿತೋ, ಬರೆದಿಟ್ಟ ಕಾನ್ಫಿಗರೇಶನ್‌ಗೆ ತಾಗಿತೋ, ಎರಡಕ್ಕೂ ತಾಗಿತೋ? ಇದಕ್ಕೆ ನೇರ ಉತ್ತರ ಕೊಡುವ ಸಾಧನವನ್ನೇ ನಾನು ನಂಬುತ್ತೇನೆ. ಆ ಲೆಕ್ಕದಲ್ಲಿ ನನ್ನ ಆಯ್ಕೆ ವರ್ಶ್. ಆದರೆ ಉಳಿದ ಎರಡರಲ್ಲೂ ವರ್ಶ್‌ಗೆ ಇಲ್ಲದ ಒಳ್ಳೆಯ ಗುಣಗಳಿವೆ.

ವಿಬಾಕ್ಸ್‌ಮ್ಯಾನೇಜ್ ಶುರುಮಾಡುವುದು ಸುಲಭ. 'ಮಾಡಿಫೈವಿಎಂ' ಎಂದು ಬರೆದು ವಿಎಂ ಹೆಸರು, '--ನಿಕ್1 ನ್ಯಾಟ್' ಕೊಟ್ಟರೆ ಮುಗಿಯಿತು, ನ್ಯಾಟ್ ಮೂಲಕ, ಅಂದರೆ ಹೋಸ್ಟ್‌ನ ವಿಳಾಸವನ್ನೇ ಬಳಸಿಕೊಂಡು, ವಿಎಂಗೆ ಇಂಟರ್ನೆಟ್ ಬರುತ್ತದೆ. ತೊಡಕು ಎದುರಾಗುವುದು ಎರಡನೇ ವಿಎಂ ಬಂದಾಗ. ಈ ಸಾಮಾನ್ಯ ನ್ಯಾಟ್‌ನಲ್ಲಿ ಪ್ರತಿ ವಿಎಂ ತನ್ನದೇ ಬೇರೆ ರೂಟರ್‌ನ ಹಿಂದೆ ಕೂತಿರುತ್ತದೆ. ಒಳಗೆ ಹೋಗಿ ನೋಡಿದರೆ ಎರಡಕ್ಕೂ 10.0.2.15 ಎಂಬ ಅದೇ ವಿಳಾಸ, ಗೇಟ್‌ವೇ 10.0.2.2. ಒಂದು ಇನ್ನೊಂದಕ್ಕೆ ಕಾಣುವುದೇ ಇಲ್ಲ. ಅದಕ್ಕೆ 'ನ್ಯಾಟ್‌ನೆಟ್‌ವರ್ಕ್ ಆಡ್' ಎಂದು ಬೇರೆ ಜಾಲ ಕಟ್ಟಿ ಎರಡನ್ನೂ ಅದಕ್ಕೆ ಸೇರಿಸಬೇಕು. ಆಗಲೂ ಹೋಸ್ಟ್‌ನಿಂದ ಒಳಗೆ ಬರಲು ಪೋರ್ಟ್ ಫಾರ್ವರ್ಡಿಂಗ್ ನಿಯಮ (ಹೋಸ್ಟ್‌ನ ಒಂದು ಪೋರ್ಟ್‌ಗೆ ಬಂದದ್ದನ್ನು ವಿಎಂಗೆ ದಾಟಿಸುವ ನಿಯಮ) ಬರೆಯಬೇಕು, ಇಲ್ಲವೇ ಹೋಸ್ಟ್-ಓನ್ಲಿ ಜಾಲದ (ಹೋಸ್ಟ್ ಮತ್ತು ವಿಎಂಗಳ ನಡುವೆ ಮಾತ್ರ ಇರುವ ಜಾಲದ) ಎರಡನೇ ಅಡಾಪ್ಟರ್ ಕೊಡಬೇಕು. ನನಗೆ ಹಿಡಿಸಿದ್ದು ಎರಡನೇ ದಾರಿ, ಏಕೆಂದರೆ ಹೊಸ ವಿಎಂ ಬಂದಾಗಲೆಲ್ಲ ಹೊಸ ನಿಯಮ ಬರೆಯುವ ಕೆಲಸ ಇರುವುದಿಲ್ಲ. ಹೋಸ್ಟ್-ಓನ್ಲಿಗೆ 192.168.56 ಸರಣಿಯ ವಿಳಾಸ ತಾನಾಗಿ ಸಿಗುತ್ತದೆ. ಬೇರೆ ಸರಣಿ ಬೇಕೆಂದರೆ, 6.1.28 ಆವೃತ್ತಿಯಿಂದೀಚೆಗೆ ಲಿನಕ್ಸ್ ಮತ್ತು ಮ್ಯಾಕ್ ಹೋಸ್ಟ್‌ಗಳಲ್ಲಿ ಅದನ್ನು ಮೊದಲು ಒಂದು ಕಾನ್ಫಿಗರೇಶನ್ ಕಡತದಲ್ಲಿ ಅನುಮತಿಸಬೇಕು. ಹಳೆಯ ಸ್ಕ್ರಿಪ್ಟ್‌ಗಳು ಏಕೆ ಒಮ್ಮೆಲೇ ನಿಂತವು ಎಂದು ತಲೆ ಕೆಡಿಸಿಕೊಳ್ಳುವವರು ಮೊದಲು ನೋಡಬೇಕಾದದ್ದು ಇಲ್ಲೇ.

ನಾಲ್ಕನೇ ಕೆಲಸದಲ್ಲಿ ವಿಬಾಕ್ಸ್‌ಮ್ಯಾನೇಜ್ ಹಿಂದೆ ಬೀಳುತ್ತದೆ. ಓಡುತ್ತಿರುವ ವಿಎಂಗೆ ಹೊಸ ಅಡಾಪ್ಟರ್ ಸೇರಿಸಲು ಬರುವುದಿಲ್ಲ. 'ಮಾಡಿಫೈವಿಎಂ' ವಿಎಂ ಆಫ್ ಆಗಿರುವಾಗ ಮಾತ್ರ, 'ಕಂಟ್ರೋಲ್‌ವಿಎಂ' ಓಡುತ್ತಿರುವಾಗ ಮಾತ್ರ, ಅದೂ ಮೊದಲೇ ಇರುವ ಅಡಾಪ್ಟರ್‌ಗಳ ಮೇಲೆ. ಇದಕ್ಕೆ ನಾನು ಕಂಡುಕೊಂಡ ಪರಿಹಾರವೆಂದರೆ ವಿಎಂ ಮಾಡುವಾಗಲೇ '--ನಿಕ್2 ನಲ್' ಎಂದು ಯಾವುದಕ್ಕೂ ಸೇರದ ಒಂದು ಅಡಾಪ್ಟರ್ ಇಟ್ಟುಬಿಡುವುದು. ಒಳಗಿನ ಲಿನಕ್ಸ್‌ಗೆ ಕೇಬಲ್ ಇಲ್ಲದ ಕಾರ್ಡ್ ಕಾಣುತ್ತದೆ. ಬೇಕಾದಾಗ 'ಕಂಟ್ರೋಲ್‌ವಿಎಂ'ನಿಂದ ಅದನ್ನು ಯಾವ ಜಾಲಕ್ಕಾದರೂ ಸೇರಿಸಬಹುದು. ವಿಂಡೋದಲ್ಲಿ ನಾಲ್ಕೇ ಅಡಾಪ್ಟರ್ ಕಾಣುತ್ತಿದ್ದ ಕಾಲದಲ್ಲೂ ಕಮಾಂಡ್‌ನಿಂದ ಎಂಟರವರೆಗೆ ಕೊಡಬಹುದಿತ್ತು, ಹಾಗಾಗಿ ಒಂದೆರಡನ್ನು ಖಾಲಿ ಇಡಲು ಜಾಗಕ್ಕೇನೂ ಕೊರತೆಯಿಲ್ಲ.

ವಿಬಾಕ್ಸ್‌ಮ್ಯಾನೇಜ್‌ನಲ್ಲಿ ನಾನು ತುಂಬಾ ಮೆಚ್ಚುವುದು ನಿಕ್‌ಟ್ರೇಸ್. '--ನಿಕ್‌ಟ್ರೇಸ್1 ಆನ್' ಎಂದು ಕಡತದ ಹೆಸರು ಕೊಟ್ಟರೆ ಆ ಅಡಾಪ್ಟರ್‌ನಲ್ಲಿ ಹಾದುಹೋದ ಪ್ರತಿ ಪ್ಯಾಕೆಟ್ ಪಿಕ್ಯಾಪ್ ಕಡತಕ್ಕೆ ಬೀಳುತ್ತದೆ, ಅದನ್ನು ಪ್ಯಾಕೆಟ್ ಬಿಡಿಸಿ ತೋರಿಸುವ ವೈರ್‌ಶಾರ್ಕ್‌ನಲ್ಲಿ ನೇರ ತೆರೆಯಬಹುದು. ವಿಎಂ ಒಳಗೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ನೆಟ್‌ವರ್ಕಿಂಗ್ ಕಲಿಯುವವರಿಗೆ ಇದೊಂದೇ ಕಾರಣಕ್ಕೆ ವರ್ಚುಯಲ್‌ಬಾಕ್ಸ್ ಹೇಳುತ್ತೇನೆ. ಇನ್ನೊಂದು ಸಣ್ಣ ಎಚ್ಚರಿಕೆ: ಅಡಾಪ್ಟರ್ ಎಣಿಕೆ 1ರಿಂದ ಶುರು, ಆದರೆ 'ಗೆಸ್ಟ್‌ಪ್ರಾಪರ್ಟಿ'ಯಿಂದ ಐಪಿ ಕೇಳುವಾಗ ಅದೇ ಸಾಲು 0ಯಿಂದ ಶುರು. ಐಪಿ ಸಿಗಲು ವಿಎಂ ಒಳಗೆ ಗೆಸ್ಟ್ ಅಡಿಷನ್ಸ್ (ವರ್ಚುಯಲ್‌ಬಾಕ್ಸ್‌ನ ಸಹಾಯಕ ಸಾಫ್ಟ್‌ವೇರ್) ಇರಲೇಬೇಕು.

ವರ್ಶ್‌ನಲ್ಲಿ ಆರಂಭ ಸ್ವಲ್ಪ ಒರಟು. ಜಾಲದ ವಿವರವನ್ನು ಎಕ್ಸ್‌ಎಂಎಲ್‌ನಲ್ಲಿ ಬರೆದು 'ನೆಟ್-ಡಿಫೈನ್', 'ನೆಟ್-ಸ್ಟಾರ್ಟ್', 'ನೆಟ್-ಆಟೋಸ್ಟಾರ್ಟ್' ಎಂದು ಮೂರು ಮೆಟ್ಟಿಲು ಹತ್ತಬೇಕು. ಮೂರನೆಯದನ್ನು ಬಿಟ್ಟರೆ ಹೋಸ್ಟ್ ರೀಬೂಟ್ ಆದಮೇಲೆ ಜಾಲ ತಾನಾಗಿ ಎದ್ದೇಳುವುದಿಲ್ಲ. ಆದರೆ ನನ್ನ ಮೊದಲ ಮೂರು ಬೇಡಿಕೆಗೆ ಇವೂ ಬೇಕಾಗಲಿಲ್ಲ. ಹೆಚ್ಚಿನ ಲಿನಕ್ಸ್‌ಗಳಲ್ಲಿ ಲಿಬ್‌ವರ್ಟ್ ಜೊತೆಗೇ ಬರುವ 'ಡಿಫಾಲ್ಟ್' ಜಾಲ, 192.168.122 ಸರಣಿ, ಎಲ್ಲವನ್ನೂ ಮಾಡಿಕೊಟ್ಟಿತು. ವಿಎಂಗಳು ಒಂದೇ ಬ್ರಿಡ್ಜ್‌ನಲ್ಲಿ (ಸಾಫ್ಟ್‌ವೇರ್ ಸ್ವಿಚ್‌ನಲ್ಲಿ) ಇರುವುದರಿಂದ ಒಂದಕ್ಕೊಂದು ಕಾಣುತ್ತವೆ, ಹೋಸ್ಟ್‌ಗೂ ಆ ಬ್ರಿಡ್ಜ್‌ನಲ್ಲಿ ವಿಳಾಸ ಇರುವುದರಿಂದ ಎಸ್‌ಎಸ್‌ಎಚ್‌ಗೆ ಪೋರ್ಟ್ ಫಾರ್ವರ್ಡಿಂಗ್ ಬೇಡ. ಯಾರಿಗೆ ಯಾವ ಐಪಿ ಸಿಕ್ಕಿದೆ ಎಂದು 'ನೆಟ್-ಡಿಎಚ್‌ಸಿಪಿ-ಲೀಸಸ್' ಹೇಳುತ್ತದೆ. ಇದಕ್ಕೆ ವಿಎಂ ಒಳಗೆ ಏನೂ ಬೇಕಿಲ್ಲ, ಏಕೆಂದರೆ ಐಪಿ ಹಂಚುವ ಡಿಎನ್‌ಎಸ್‌ಮಾಸ್ಕ್ ಹೋಸ್ಟ್‌ನಲ್ಲೇ ಓಡುತ್ತಿರುತ್ತದೆ.

ಹೊಸಬರು ಎಡವುವ ಜಾಗ ಒಂದಿದೆ. ಸಾಮಾನ್ಯ ಬಳಕೆದಾರರಾಗಿ ವರ್ಶ್ ಕರೆದರೆ ಅದು ಬಹಳ ಕಡೆ 'ಸೆಷನ್'ಗೆ, ಅಂದರೆ ಆ ಬಳಕೆದಾರರ ಸ್ವಂತ ಕನೆಕ್ಷನ್‌ಗೆ ಹೋಗುತ್ತದೆ, ಡಿಫಾಲ್ಟ್ ಜಾಲ ಇರುವುದು ಇಡೀ ಯಂತ್ರದ 'ಸಿಸ್ಟಮ್' ಕನೆಕ್ಷನ್‌ನಲ್ಲಿ. ಪಟ್ಟಿ ಖಾಲಿ ಕಂಡರೆ ಜಾಲ ಅಳಿಸಿಹೋಗಿದೆ ಎಂದು ಗಾಬರಿಯಾಗದೆ ಮೊದಲು ಕನೆಕ್ಷನ್ ನೋಡಿ.

ಇನ್ನು ನಾಲ್ಕನೇ ಕೆಲಸ. 'ಅಟ್ಯಾಚ್-ಇಂಟರ್‌ಫೇಸ್' ಕಮಾಂಡ್‌ಗೆ '--ಲೈವ್' ಕೊಟ್ಟರೆ ಓಡುತ್ತಿರುವ ವಿಎಂಗೆ ಮಾತ್ರ, '--ಕಾನ್ಫಿಗ್' ಕೊಟ್ಟರೆ ಮುಂದಿನ ಬೂಟ್‌ಗೆ ಮಾತ್ರ, ಎರಡೂ ಕೊಟ್ಟರೆ ಎರಡಕ್ಕೂ. ಇದೇ ನಾನು ಬಯಸಿದ ಸ್ಪಷ್ಟತೆ. ಪ್ರಯೋಗಕ್ಕೆಂದು ಲೈವ್ ಮಾತ್ರ ಕೊಟ್ಟು ನೋಡಿ, ಸರಿಯೆನಿಸದಿದ್ದರೆ ವಿಎಂ ಆಫ್ ಮಾಡಿ ಆನ್ ಮಾಡಿದರೆ ಸಾಕು, ಕುರುಹೇ ಉಳಿಯುವುದಿಲ್ಲ. 'ನೆಟ್-ಅಪ್‌ಡೇಟ್'ನಲ್ಲೂ ಇದೇ ಶಿಸ್ತು: ಒಂದು ವಿಎಂಗೆ ಕಾಯಂ ಐಪಿ ಕೊಡುವ ಸಾಲನ್ನು ಜಾಲ ನಿಲ್ಲಿಸದೆಯೇ ಸೇರಿಸಬಹುದು. 'ನೆಟ್-ಎಡಿಟ್'ನಲ್ಲಿ ಅದೇ ಬದಲಾವಣೆ ಮಾಡಿದರೆ ಜಾಲವನ್ನು ನಿಲ್ಲಿಸಿ ಮತ್ತೆ ಶುರುಮಾಡುವವರೆಗೆ ಜಾರಿಗೆ ಬರುವುದಿಲ್ಲ, ಅದರ ಬಿಸಿ ಆ ಜಾಲದಲ್ಲಿರುವ ಎಲ್ಲ ವಿಎಂಗಳಿಗೂ ತಟ್ಟುತ್ತದೆ. ಪ್ಯಾಕೆಟ್ ನೋಡಲು ನಿಕ್‌ಟ್ರೇಸ್ ಇಲ್ಲ, ನಿಜ. ಆದರೆ 'ಡಾಮಿಫ್‌ಲಿಸ್ಟ್' ಪ್ರತಿ ಅಡಾಪ್ಟರ್‌ಗೂ ಹೋಸ್ಟ್ ಕಡೆಯ ಹೆಸರು ತೋರಿಸುತ್ತದೆ, ಅದರ ಮೇಲೆ ಪ್ಯಾಕೆಟ್ ಹಿಡಿಯುವ ಟಿಸಿಪಿಡಂಪ್ ಹಚ್ಚಿದರೆ ಕೆಲಸ ಆಗುತ್ತದೆ.

ಪವರ್‌ಶೆಲ್‌ನ ಬಲ ಬೇರೆಯೇ. ಅಲ್ಲಿ ಉತ್ತರ ಅಕ್ಷರಗಳ ಸಾಲಾಗಿ ಬರುವುದಿಲ್ಲ, ಆಬ್ಜೆಕ್ಟ್ ಆಗಿ ಬರುತ್ತದೆ. 'ಗೆಟ್-ವಿಎಂ' ಫಲಿತಾಂಶವನ್ನು 'ಗೆಟ್-ವಿಎಂನೆಟ್‌ವರ್ಕ್‌ಅಡಾಪ್ಟರ್'ಗೆ ಪೈಪ್ ಮಾಡಿ, ಸ್ವಿಚ್ ಹೆಸರಿನಿಂದ ಸೋಸಿ, ಸಿಕ್ಕವನ್ನೆಲ್ಲ 'ಕನೆಕ್ಟ್-ವಿಎಂನೆಟ್‌ವರ್ಕ್‌ಅಡಾಪ್ಟರ್'ಗೆ ಕೊಟ್ಟರೆ ಇಡೀ ಗುಂಪು ಇನ್ನೊಂದು ಸ್ವಿಚ್‌ಗೆ ಹೋಗುತ್ತದೆ. ಇದೇ ಕೆಲಸಕ್ಕೆ ವರ್ಶ್‌ನಲ್ಲಿ ಪಠ್ಯ ಸೋಸುವ ಆಕ್, ಗ್ರೆಪ್, ಜೊತೆಗೆ ಲೂಪ್ ಎಲ್ಲ ಬೇಕು. ವಿಲ್ಯಾನ್ (ಒಂದೇ ಜಾಲವನ್ನು ಬೇರೆ ಬೇರೆ ಭಾಗ ಮಾಡುವ ಗುರುತು) ಹಾಕುವುದೂ ಒಂದೇ ಸಾಲು.

ಆದರೆ ನ್ಯಾಟ್ ಕಟ್ಟುವಾಗ ಹೈಪರ್-ವಿ ಹೆಚ್ಚು ದುಡಿಸಿಕೊಳ್ಳುತ್ತದೆ. ಇಂಟರ್ನಲ್ ಸ್ವಿಚ್ (ಹೋಸ್ಟ್ ಮತ್ತು ವಿಎಂಗಳು ಮಾತ್ರ ಸೇರುವ ಸ್ವಿಚ್) ಮಾಡು, ಹೋಸ್ಟ್ ಕಡೆಗೆ ಐಪಿ ಕೊಡು, ಆಮೇಲೆ 'ನ್ಯೂ-ನೆಟ್‌ನ್ಯಾಟ್'. ಇಷ್ಟಾದರೂ ಐಪಿಯನ್ನು ತಾನಾಗಿ ಹಂಚುವ ಡಿಎಚ್‌ಸಿಪಿ ಇಲ್ಲ, ಪ್ರತಿ ವಿಎಂ ಒಳಗೆ ಐಪಿಯನ್ನು ಕೈಯಲ್ಲೇ ಬರೆಯಬೇಕು. ವಿಂಡೋಸ್ 10ರ 1709 ಆವೃತ್ತಿಯಿಂದ ಬಂದ 'ಡಿಫಾಲ್ಟ್ ಸ್ವಿಚ್' ಇದನ್ನೆಲ್ಲ ತಾನೇ ಮಾಡುತ್ತದೆ, ಆದರೆ ಹೋಸ್ಟ್ ರೀಬೂಟ್ ಆದಾಗ ಅದರ ವಿಳಾಸ ಸರಣಿ ಬದಲಾಗಬಹುದು. ಅದರ ಮೇಲೆ ಸ್ಥಿರ ಐಪಿ ಇಟ್ಟು ಏನನ್ನೂ ಕಟ್ಟಬೇಡಿ. ಓಡುತ್ತಿರುವಾಗ ಅಡಾಪ್ಟರ್ ಸೇರಿಸುವುದು ಹೊಸ ಮಾದರಿಯ ಜನರೇಶನ್ 2 ವಿಎಂಗಳಲ್ಲಿ ಸಲೀಸು, ಹಳೆಯ ಮಾದರಿಯ ಜನರೇಶನ್ 1ರಲ್ಲಿ ಆಗದು. ಸೇರಿಸಿದ್ದು ಕಾಯಂ ಆಗಿಯೇ ಉಳಿಯುತ್ತದೆ, ಲೈವ್ ಮಾತ್ರ ಎಂಬ ಆಯ್ಕೆ ಇಲ್ಲ. ಹೋಸ್ಟ್‌ನ ನಿಜವಾದ ಕಾರ್ಡ್‌ಗೆ ಸೇರುವ ಎಕ್ಸ್‌ಟರ್ನಲ್ ಸ್ವಿಚ್ ಮಾಡುವಾಗ ಹೋಸ್ಟ್‌ನ ಸಂಪರ್ಕವೇ ಕ್ಷಣಕಾಲ ಕಡಿಯುತ್ತದೆ. ದೂರದಿಂದ ಕೂತು ಮಾಡುವವರು ಆ ಕಾರ್ಡನ್ನು ಹೋಸ್ಟ್ ಕೂಡ ಬಳಸಲು ಬಿಡುವ '-ಅಲೌಮ್ಯಾನೇಜ್‌ಮೆಂಟ್‌ಓಎಸ್' ಟ್ರೂ ಇದೆಯೇ ಎಂದು ಎಂಟರ್ ಒತ್ತುವ ಮೊದಲೇ ನೋಡಿಕೊಳ್ಳಬೇಕು.

ದೂರದ ಮಾತು ಬಂತು. ವರ್ಶ್‌ಗೆ ಎಸ್‌ಎಸ್‌ಎಚ್ ಮೂಲಕ ಇನ್ನೊಂದು ಯಂತ್ರದ ವಿಳಾಸ ಕೊಟ್ಟರೆ ನನ್ನ ಟರ್ಮಿನಲ್‌ನಿಂದಲೇ ಅಲ್ಲಿನ ಜಾಲ ಕೈಗೆ ಸಿಗುತ್ತದೆ. ಪವರ್‌ಶೆಲ್‌ನಲ್ಲೂ '-ಕಂಪ್ಯೂಟರ್‌ನೇಮ್' ಇದೆ. ವಿಬಾಕ್ಸ್‌ಮ್ಯಾನೇಜ್ ಆದರೆ ಆ ಯಂತ್ರಕ್ಕೇ ಲಾಗಿನ್ ಆಗಿ ಓಡಿಸುವುದು.

ವರ್ಶ್‌ನ ಪಕ್ಷ ವಹಿಸುವ ನಾನೂ ವೈಫೈ ಲ್ಯಾಪ್‌ಟಾಪ್‌ನಲ್ಲಿ ವಿಎಂ ನೇರ ಹೊರಗಿನ ಜಾಲಕ್ಕೇ ಸೇರುವಂಥ ಬ್ರಿಡ್ಜ್ ಬೇಕೆಂದಾಗ ಅದನ್ನು ಬದಿಗಿಡುತ್ತೇನೆ. ಆಕ್ಸೆಸ್ ಪಾಯಿಂಟ್‌ಗೆ ಸೇರಿಕೊಂಡ ವೈಫೈ ಕಾರ್ಡನ್ನು ಲಿನಕ್ಸ್ ಬ್ರಿಡ್ಜ್‌ಗೆ ಹಾಕಲು ಕರ್ನಲ್ಲೇ ಒಪ್ಪುವುದಿಲ್ಲ. ವರ್ಚುಯಲ್‌ಬಾಕ್ಸ್ ಮತ್ತು ಹೈಪರ್-ವಿ ಎರಡೂ ಪ್ಯಾಕೆಟ್‌ನಲ್ಲಿರುವ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತು ಸಂಖ್ಯೆ) ಬದಲಿಸಿ ಆ ತಡೆಯನ್ನು ದಾಟುತ್ತವೆ. ಹಾಗಾಗಿ ಸರ್ವರ್‌ನಲ್ಲಿ ವರ್ಶ್, ವಿಂಡೋಸ್ ಹೋಸ್ಟ್‌ನಲ್ಲಿ ಪವರ್‌ಶೆಲ್, ವೈಫೈ ಮೇಲಿರುವ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ವಿಬಾಕ್ಸ್‌ಮ್ಯಾನೇಜ್ ಬಳಸುತ್ತೇನೆ, ಎರಡನೇ ಅಡಾಪ್ಟರನ್ನು ಮೊದಲೇ ಖಾಲಿ ಇಟ್ಟುಕೊಂಡು.